ಹೆಸರಿಗೂ ಒಂದು ಪಹಣಿ

ಹೊಲಕ್ಕೆ ಪಹಣಿ ಇದೆ. ಮನೆಗೆ ಖಾತೆ ಇದೆ. ಟ್ರ್ಯಾಕ್ಟರಿಗೆ ಆರ್‌ಸಿ ಇದೆ. ಆದರೆ ನಮ್ಮ ಊರುಗಳಲ್ಲಿ ಜನ ಹತ್ತಾರು ವರ್ಷ ದುಡಿದು ಗಳಿಸಿದ ಇನ್ನೊಂದು ಆಸ್ತಿಗೆ ಬಹಳ ಸಲ ಯಾವ ಕಾಗದವೂ ಇರುವುದಿಲ್ಲ. ಆ ಆಸ್ತಿ ಎಂದರೆ ಹೆಸರು. ಶೇಂಗಾ ಚಟ್ನಿಯ ಹೆಸರು, ಖಡಕ್ ರೊಟ್ಟಿಯ ಹೆಸರು, ಗಾಣದ ಎಣ್ಣೆಯ ಹೆಸರು, ಹಪ್ಪಳದ ಹೆಸರು. ಸಂತೆಯಲ್ಲಿ ನಾಲ್ಕು ಜನ ಒಂದೇ ಥರದ ಚಟ್ನಿಪುಡಿ ಇಟ್ಟುಕೊಂಡು ಕೂತಿದ್ದರೂ ಗಿರಾಕಿ ಒಬ್ಬರನ್ನೇ ಹುಡುಕಿಕೊಂಡು ಬರುತ್ತಾರಲ್ಲ, ಅದು ಆ ಹೆಸರಿನ ಬೆಲೆ.

"ನಿಮ್ಮ ಹೆಸರು ರಿಜಿಸ್ಟರ್ ಆಗಿದೆಯಾ?" ಎಂದು ಕೇಳಿದರೆ ಹೆಚ್ಚಿನವರು "ಆಗೇತ್ರಿ" ಎನ್ನುತ್ತಾರೆ. ಯಾವುದು ಎಂದು ನೋಡಿದರೆ ಗ್ರಾಮ ಪಂಚಾಯಿತಿಯ ಲೈಸೆನ್ಸ್ ಇರುತ್ತದೆ, ಇಲ್ಲವೇ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನಂಬರ್, ಉದ್ಯಮ್ ಸರ್ಟಿಫಿಕೇಟ್, ಜಿಎಸ್‌ಟಿ ನಂಬರ್. ಇವೆಲ್ಲ ಬೇಕಾದ ಕಾಗದಗಳೇ. ವ್ಯಾಪಾರ ನಡೆಸಲು ಒಂದು, ಆಹಾರ ಮಾರಲು ಒಂದು, ಸಣ್ಣ ಉದ್ಯಮ ಎಂದು ಗುರುತಿಸಿಕೊಳ್ಳಲು ಒಂದು, ತೆರಿಗೆ ಕಟ್ಟಲು ಒಂದು. ಆದರೆ ಪ್ಯಾಕೆಟ್ಟಿನ ಮೇಲಿರುವ ಹೆಸರು ನಿಮ್ಮದು ಎಂದು ಇವುಗಳಲ್ಲಿ ಒಂದೂ ಹೇಳುವುದಿಲ್ಲ. ಅದನ್ನು ಹೇಳುವ ದಾಖಲೆ ಟ್ರೇಡ್‌ಮಾರ್ಕ್ ನೋಂದಣಿ. ಅದರ ಪುಸ್ತಕವೇ ಬೇರೆ, ಕಚೇರಿಯೇ ಬೇರೆ.

ಈ ಪುಸ್ತಕ ನಮ್ಮ ದೇಶದಲ್ಲಿ ಹೇಗೆ ಹುಟ್ಟಿತು, ಹೆಸರಿನ ಜಗಳಗಳು ಕೋರ್ಟಿನಲ್ಲಿ ಹೇಗೆ ತೀರ್ಮಾನವಾದವು ಎಂಬುದನ್ನು ಈ ಸಲ ಬರೆಯುತ್ತಿದ್ದೇವೆ. ಹಳೆಯ ಕಥೆ ಗೊತ್ತಿದ್ದರೆ ಇವತ್ತಿನ ಫಾರಂ ಭರ್ತಿ ಮಾಡುವುದು ಸುಲಭ.

ಓದು ಬಾರದವರಿಗಾಗಿ ಚಿತ್ರ

ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯ ಗಿರಣಿ ಬಟ್ಟೆ ಹಡಗುಗಟ್ಟಲೆ ಭಾರತಕ್ಕೆ ಬರುತ್ತಿತ್ತು. ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಇರಲಿ, ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ. ಅದಕ್ಕಾಗಿ ಪ್ರತಿ ಥಾನಿನ ಮೇಲೆ ಬಣ್ಣದ ಚೀಟಿ ಅಂಟಿಸುತ್ತಿದ್ದರು. ಅದರಲ್ಲಿ ಆನೆ, ಹುಲಿ, ಕೃಷ್ಣ, ಲಕ್ಷ್ಮಿ. "ಆನೆ ಛಾಪಿನ ಬಟ್ಟೆ ಕೊಡಿ" ಎಂದು ಜನ ಕೇಳುತ್ತಿದ್ದರು. ಇಂದಿಗೂ ನಾವು "ಛಾಪು", "ಮಾರ್ಕ್" ಎಂದೇ ಸಾಮಾನು ಕೇಳುತ್ತೇವೆ.

ಒಂದು ಛಾಪಿಗೆ ಹೆಸರು ಬಂದ ಕೂಡಲೇ ಅದೇ ಥರದ ಚೀಟಿ ಅಂಟಿಸುವವರು ಹುಟ್ಟಿಕೊಂಡರು. ಬ್ರಿಟನ್ 1875ರಲ್ಲಿ ಇದಕ್ಕೆ ನೋಂದಣಿ ಕಾನೂನು ಮಾಡಿತು. 1876ರ ಜನವರಿ 1ರಂದು ಅಲ್ಲಿ ದಾಖಲಾದ ಮೊದಲ ಗುರುತು ಬಾಸ್ ಎಂಬ ಬಿಯರ್ ಕಂಪನಿಯ ಕೆಂಪು ತ್ರಿಕೋನ. ಮೊದಲ ನಂಬರ್ ಸಿಗಲೆಂದು ಕಂಪನಿಯ ನೌಕರನೊಬ್ಬ ಹಿಂದಿನ ರಾತ್ರಿಯೇ ಹೋಗಿ ಕಚೇರಿ ಬಾಗಿಲಲ್ಲಿ ಕಾದಿದ್ದ ಎಂದು ಜನ ಕಥೆ ಹೇಳುತ್ತಾರೆ.

ಭಾರತಕ್ಕೆ 1889ರಲ್ಲಿ ಬಂದದ್ದು ಬೇರೆ ಥರದ ಕಾನೂನು. ಸುಳ್ಳು ಗುರುತು ಹಾಕಿ ಮಾರಿದರೆ ಶಿಕ್ಷೆ, ಬಟ್ಟೆಯ ಥಾನಿನ ಮೇಲೆ ಉದ್ದ ಎಷ್ಟು ಗಜ ಎಂಬುದನ್ನು ಮುದ್ರೆ ಒತ್ತಿ ತೋರಿಸಬೇಕು ಎಂಬಂಥ ನಿಯಮಗಳು ಅದರಲ್ಲಿದ್ದವು. ಮೋಸಕ್ಕೆ ಶಿಕ್ಷೆ ಇತ್ತು, ಆದರೆ ಹೆಸರು ಇಂಥವರದು ಎಂದು ಬರೆದಿಡುವ ಪುಸ್ತಕ ಇರಲಿಲ್ಲ.

ಆಗ ವ್ಯಾಪಾರಿಗಳು ಒಂದು ದಾರಿ ಕಂಡುಕೊಂಡರು. ಜಮೀನಿನ ಕ್ರಯಪತ್ರ ನೋಂದಾಯಿಸುವ ರಿಜಿಸ್ಟ್ರಾರ್ ಕಚೇರಿಗೇ ಹೋಗಿ "ಈ ಗುರುತು ನನ್ನದು, ಇಂಥ ವರ್ಷದಿಂದ ಬಳಸುತ್ತಿದ್ದೇನೆ" ಎಂದು ಘೋಷಣೆ ಬರೆದು ನೋಂದಾಯಿಸುತ್ತಿದ್ದರು. ಆಮೇಲೆ ಪತ್ರಿಕೆಯಲ್ಲಿ "ನಮ್ಮ ಗುರುತನ್ನು ಯಾರೂ ಬಳಸಬಾರದು" ಎಂದು ಎಚ್ಚರಿಕೆ ಪ್ರಕಟಣೆ ಹಾಕಿಸುತ್ತಿದ್ದರು. ಅದರಿಂದ ಮಾಲೀಕತ್ವ ಸಿಗುತ್ತಿರಲಿಲ್ಲ. ಜಗಳ ಬಂದಾಗ ಕೋರ್ಟಿಗೆ ತೋರಿಸಲು ಒಂದು ಸಾಕ್ಷಿ ಸಿಗುತ್ತಿತ್ತು, ಅಷ್ಟೇ.

ಹೆಸರಿನದೇ ಪುಸ್ತಕ ತೆರೆದದ್ದು 1940ರ ಟ್ರೇಡ್ ಮಾರ್ಕ್ಸ್ ಕಾಯ್ದೆ. ಮುಂಬಯಿಯಲ್ಲಿ ಕಚೇರಿ ಬಂತು. 1958ರಲ್ಲಿ ಇನ್ನೊಂದು ಕಾಯ್ದೆ ಮಾಡಿದರು. ಈಗ ಇರುವುದು 1999ರ ಕಾಯ್ದೆ, ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಅಲ್ಲಿಯವರೆಗೆ ವಸ್ತುಗಳ ಹೆಸರಿಗೆ ಮಾತ್ರ ನೋಂದಣಿ ಇತ್ತು. ಹೋಟೆಲು, ಟೈಲರಿಂಗ್, ಸಾರಿಗೆ ಮುಂತಾದ ಸೇವೆಗಳ ಹೆಸರಿಗೆ ಜಾಗ ಸಿಕ್ಕಿದ್ದು ಈ ಕಾಯ್ದೆಯಿಂದ.

ಶರಭ, ಸೈಕಲ್ಲು, ಗಣೇಶ

ಗುರುತಿನ ಬೆಲೆ ನಮ್ಮ ನಾಡಿನಲ್ಲಿ ಹೇಗೆ ಬೆಳೆಯಿತು ಎಂಬುದಕ್ಕೆ ಮೂರು ಉದಾಹರಣೆ ಸಾಕು.

ಮೊದಲ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಗಂಧದ ಮರ ಯುರೋಪಿಗೆ ಹೋಗುವುದು ನಿಂತಿತು. ಗೋದಾಮುಗಳಲ್ಲಿ ಮರ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ, ವಿಶ್ವೇಶ್ವರಯ್ಯ ಅವರ ದಿವಾನಗಿರಿ. ನಮ್ಮಲ್ಲೇ ಎಣ್ಣೆ ತೆಗೆಯೋಣ ಎಂದು ಕಾರ್ಖಾನೆ ಹಾಕಿದರು. ಆಮೇಲೆ ಅದೇ ಎಣ್ಣೆಯಿಂದ ಸೋಪು ಮಾಡಿದರು. ಮೈಸೂರು ಸ್ಯಾಂಡಲ್ ಸೋಪಿನ ಮೇಲೆ ಆನೆಯ ತಲೆ, ಸಿಂಹದ ಮೈ ಇರುವ ಶರಭದ ಚಿತ್ರ ಬಂತು. ಸೋಪು ಹಳೆಯದಾದಷ್ಟೂ ಆ ಹೆಸರಿಗೆ ಬೆಲೆ ಏರಿತು. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪು ತಯಾರಿಸುತ್ತಿದ್ದವರು ಸಿಕ್ಕಿಬಿದ್ದರು. ಬೆಲೆ ಇಲ್ಲದ ಹೆಸರನ್ನು ಯಾರೂ ನಕಲು ಮಾಡುವುದಿಲ್ಲ.

ಎರಡನೆಯದು ಸೈಕಲ್ ಬ್ರ್ಯಾಂಡ್ ಅಗರಬತ್ತಿ. ಎನ್. ರಂಗರಾವ್ ಅವರು ಮೈಸೂರಿನಲ್ಲಿ 1948ರಲ್ಲಿ ಶುರು ಮಾಡಿದ ವ್ಯಾಪಾರ. ಆಗಿನ ಸಾಮಾನ್ಯ ಜನರ ವಾಹನ ಸೈಕಲ್ಲು. ಚಿತ್ರ ನೋಡಿದರೆ ಮಗುವಿಗೂ ಗೊತ್ತಾಗುತ್ತದೆ, ಯಾವ ಭಾಷೆಯವರ ಬಾಯಲ್ಲೂ ಹೆಸರು ಸಲೀಸಾಗಿ ಹೊರಳುತ್ತದೆ. ಇನ್ನೂ ಒಂದು ವಿಷಯ ಇದೆ. ಅಗರಬತ್ತಿಗೂ ಸೈಕಲ್ಲಿಗೂ ಸಂಬಂಧವೇ ಇಲ್ಲ. ಕಾನೂನಿನ ಕಣ್ಣಲ್ಲಿ ಅದೇ ದೊಡ್ಡ ಬಲ. "ಸುವಾಸನೆ ಅಗರಬತ್ತಿ" ಎಂದು ಹೆಸರಿಟ್ಟರೆ ಅದು ಎಲ್ಲ ಅಗರಬತ್ತಿಯವರೂ ಆಡುವ ಮಾತು, ಒಬ್ಬರಿಗೇ ಬರೆದುಕೊಡುವುದು ಕಷ್ಟ. ಸರಕನ್ನು ಬಣ್ಣಿಸುವ ಹೆಸರಿಗಿಂತ ಸರಕಿಗೆ ಸಂಬಂಧ ಇಲ್ಲದ ಹೆಸರಿಗೆ ನೋಂದಣಿ ಸುಲಭ.

ಮೂರನೆಯದು ಮಂಗಳೂರು ಗಣೇಶ್ ಬೀಡಿ. ಬೀಡಿ ಆರೋಗ್ಯಕ್ಕೆ ಹಾಳು, ಅದರಲ್ಲಿ ಎರಡು ಮಾತಿಲ್ಲ. ಇಲ್ಲಿ ನೋಡಬೇಕಾದದ್ದು ಹೆಸರಿನ ಲೆಕ್ಕ. ಹಲವು ಪಾಲುದಾರರಿದ್ದ ಈ ಸಂಸ್ಥೆಯ ಪಾಲುದಾರಿಕೆ 1987ರಲ್ಲಿ ಮುಗಿಯಿತು. ಪಾಲುದಾರರ ನಡುವೆ ಹೊಂದಾಣಿಕೆ ಇರಲಿಲ್ಲ. ವಿಷಯ ಹೈಕೋರ್ಟಿಗೆ ಹೋಗಿ, ನಡೆಯುತ್ತಿರುವ ವ್ಯಾಪಾರವನ್ನು ಹಾಗೆಯೇ ಪಾಲುದಾರರ ನಡುವೆ ಹರಾಜು ಹಾಕುವುದೆಂದಾಯಿತು. 1994ರಲ್ಲಿ ನಿಂತ ಬಿಡ್ 92 ಕೋಟಿ ರೂಪಾಯಿ.

ಬೀಡಿಗೆ ಬೇಕಾದದ್ದು ಎಲೆ, ತಂಬಾಕು, ನೂಲು, ಕೈ. ಮನೆಯಲ್ಲಿ ಕೂತು ಮೊರದಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನು ಕರಾವಳಿಯ ಓದುಗರೆಲ್ಲ ನೋಡಿದ್ದಾರೆ. ದೊಡ್ಡ ಯಂತ್ರ ಇಲ್ಲ. ಹಾಗಾದರೆ ಅಷ್ಟು ದುಡ್ಡು ಯಾವುದಕ್ಕೆ? ಇದೇ ಪ್ರಶ್ನೆ ಆದಾಯ ತೆರಿಗೆ ಇಲಾಖೆಗೂ ಬಂತು. ಕೊಂಡವರು "ನಾವು ಟ್ರೇಡ್‌ಮಾರ್ಕು, ಕಾಪಿರೈಟು, ತಯಾರಿಕೆಯ ಜ್ಞಾನ ಕೊಂಡಿದ್ದೇವೆ, ಅದಕ್ಕೆ ತಕ್ಕ ತೆರಿಗೆ ರಿಯಾಯಿತಿ ಕೊಡಿ" ಎಂದರು. ಇಲಾಖೆ ಒಪ್ಪಲಿಲ್ಲ. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕೊಂಡವರ ಮಾತನ್ನು ಎತ್ತಿಹಿಡಿಯಿತು. ಹೆಸರು ದುಡ್ಡು ಕೊಟ್ಟು ಕೊಳ್ಳುವ, ಲೆಕ್ಕಪುಸ್ತಕದಲ್ಲಿ ಬರೆಯುವ ಆಸ್ತಿ ಎಂಬುದು ಆ ತೀರ್ಪಿನಲ್ಲಿ ಸ್ಪಷ್ಟ.

ಆ ಹೆಸರಿನ ಒಂದೊಂದು ಬೀಡಿಯನ್ನೂ ಕಟ್ಟಿದ್ದು ಸಾವಿರಾರು ಹೆಣ್ಣುಮಕ್ಕಳ ಕೈ. ಆದರೆ ಹೆಸರಿನ ದುಡ್ಡು ಪಾಲುದಾರರ ನಡುವೆಯೇ ಹಂಚಿಕೆಯಾಯಿತು. ದುಡಿಮೆ ಯಾರದು ಎಂಬುದನ್ನು ಈ ಪುಸ್ತಕ ಕೇಳುವುದಿಲ್ಲ. ಮಾಲೀಕರು ಯಾರು ಎಂದಷ್ಟೇ ಕೇಳುತ್ತದೆ. ನಮ್ಮ ಸ್ವಸಹಾಯ ಸಂಘದವರು ಈ ಮಾತನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಅದಕ್ಕೆ ಮುಂದೆ ಬರುತ್ತೇವೆ.

ಕಣ್ಣಿಗೆ ಬೇರೆ, ಕಿವಿಗೆ ಒಂದೇ

ಎರಡು ಹೆಸರು ಒಂದೇ ಥರ ಇವೆಯೋ ಇಲ್ಲವೋ ಎಂದು ಯಾರ ಕಣ್ಣಿಂದ ನೋಡಬೇಕು? ವಕೀಲರ ಕಣ್ಣಿಂದಲೋ, ಸಂತೆಗೆ ಬಂದವರ ಕಣ್ಣಿಂದಲೋ?

ಸುಪ್ರೀಂ ಕೋರ್ಟ್ 1962ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ತಲೆನೋವು, ಹೊಟ್ಟೆನೋವಿಗೆ ಬಳಸುವ "ಅಮೃತಧಾರಾ" ಎಂಬ ಔಷಧ ಇತ್ತು. ಇನ್ನೊಬ್ಬರು "ಲಕ್ಷ್ಮಣಧಾರಾ" ಎಂಬ ಅದೇ ಥರದ ಔಷಧ ಮಾರುತ್ತಿದ್ದರು. ಅಮೃತ ಬೇರೆ, ಲಕ್ಷ್ಮಣ ಬೇರೆ ಎಂದು ಪಂಡಿತರು ಹೇಳಬಹುದು. ಆದರೆ ಇದನ್ನು ಕೊಳ್ಳುವವರಲ್ಲಿ ಹಳ್ಳಿಯವರೂ ಇದ್ದಾರೆ, ಪೇಟೆಯವರೂ ಇದ್ದಾರೆ, ಓದಿದವರೂ ಓದದವರೂ ಇದ್ದಾರೆ. ಅವರು ಹೆಸರನ್ನು ಬಿಡಿಸಿ ಅರ್ಥ ಹುಡುಕುವುದಿಲ್ಲ, ಹಿಂದೆ ಕೇಳಿದ ಅರೆಬರೆ ನೆನಪಿನ ಮೇಲೆ ಕೊಳ್ಳುತ್ತಾರೆ. ಆದ್ದರಿಂದ ಎರಡೂ ಹೆಸರು ಗೊಂದಲ ಹುಟ್ಟಿಸುವಷ್ಟು ಹತ್ತಿರ ಎಂದು ಕೋರ್ಟ್ ಹೇಳಿತು.

ಹಾಗಿದ್ದೂ ಅಮೃತಧಾರಾದವರಿಗೆ ಪೂರ್ತಿ ಗೆಲುವು ಸಿಗಲಿಲ್ಲ. ಲಕ್ಷ್ಮಣಧಾರಾ 1923ರಿಂದ ಮಾರಾಟದಲ್ಲಿತ್ತು. ಅದು ತಿಳಿದೂ ವರ್ಷಗಟ್ಟಲೆ ಅವರು ಸುಮ್ಮನಿದ್ದರು. ಹಾಗಾಗಿ ಉತ್ತರ ಪ್ರದೇಶದ ಮಟ್ಟಿಗೆ ಲಕ್ಷ್ಮಣಧಾರಾ ಹೆಸರಿಗೂ ನೋಂದಣಿ ಸಿಕ್ಕಿತು. ಹೊಲದ ಬದು ಒತ್ತುವರಿ ಆಗುವಾಗ ಸುಮ್ಮನಿದ್ದು ಎಷ್ಟೋ ವರ್ಷದ ಮೇಲೆ ಕೇಳಲು ಹೋದರೆ ಏನಾಗುತ್ತದೆ ಎಂಬುದು ರೈತರಿಗೆ ಹೇಳಿಕೊಡಬೇಕಾಗಿಲ್ಲ.

1969ರಲ್ಲಿ ಮದರಾಸು ಕಡೆಯ ನಶ್ಯದ ಜಗಳ ಬಂತು. ಒಂದು "ಅಂಬಾಳ್" ನಶ್ಯ, ಇನ್ನೊಂದು "ಆಂಡಾಳ್" ನಶ್ಯ. ಅಂಬಾಳ್ ಶಿವನ ಮಡದಿ, ಆಂಡಾಳ್ ವೈಷ್ಣವರ ಭಕ್ತಕವಿ. ಅರ್ಥ ಬೇರೆ, ಲೇಬಲ್ಲಿನ ಚಿತ್ರವೂ ಬೇರೆ. ಆದರೆ ಅಂಗಡಿಯಲ್ಲಿ ಬಾಯಿಂದ ಕೇಳಿ ಕೊಳ್ಳುವಾಗ ಎರಡೂ ಒಂದೇ ಥರ ಕೇಳಿಸುತ್ತವೆ. ಕಣ್ಣು ತಪ್ಪದಿದ್ದರೂ ಕಿವಿ ತಪ್ಪುತ್ತದೆ ಎಂಬ ಕಾರಣಕ್ಕೆ ಆಂಡಾಳ್ ಹೆಸರಿಗೆ ನೋಂದಣಿ ಸಿಗಲಿಲ್ಲ. ಅಕ್ಷರ ಬದಲಿಸಿದ್ದೇವೆ, ಚಿತ್ರ ಬದಲಿಸಿದ್ದೇವೆ, ಇನ್ನು ಭಯವಿಲ್ಲ ಎನ್ನುವವರು ಈ ಎರಡು ತೀರ್ಪನ್ನು ನೆನಪಿಡಬೇಕು.

ಕತ್ತಲೆ ಅಂಗಡಿಯ ಹಲ್ವಾ

ಈಗ ಮುಖ್ಯವಾದ ಪ್ರಶ್ನೆ. ನಾನು ಮೂವತ್ತು ವರ್ಷದಿಂದ ಬಳಸುತ್ತಿರುವ ಹೆಸರನ್ನು ನಿನ್ನೆ ಮೊನ್ನೆ ಬಂದವರು ಹೋಗಿ ರಿಜಿಸ್ಟರ್ ಮಾಡಿಸಿಕೊಂಡರೆ ಹೆಸರು ಯಾರದು?

ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ನೆಲ್ಲಯಪ್ಪರ್ ದೇವಸ್ಥಾನದ ಹತ್ತಿರ ಒಂದು ಹಲ್ವಾ ಅಂಗಡಿ ಇದೆ. ಸಂಜೆ ಮಾತ್ರ ತೆರೆಯುತ್ತದೆ. ಒಳಗೆ ಬೆಳಕು ಕಡಿಮೆ, ಮೊದಲಿನಿಂದಲೂ ಹಾಗೇ. ಜನ ಅದಕ್ಕೆ "ಇರುಟ್ಟುಕಡೈ" ಎಂದು ಕರೆದರು. ಕನ್ನಡದಲ್ಲಿ ಹೇಳುವುದಾದರೆ "ಕತ್ತಲೆ ಅಂಗಡಿ". ಹೆಸರು ಮಾಲೀಕರು ಇಟ್ಟದ್ದಲ್ಲ, ಗಿರಾಕಿಗಳು ಇಟ್ಟದ್ದು. ನಮ್ಮಲ್ಲೂ "ಮೂಲೆ ಅಂಗಡಿ", "ಗಿಡದ ಕೆಳಗಿನ ಹೋಟ್ಲು" ಎಂದು ಜನವೇ ಹೆಸರಿಡುವುದು ಹೀಗೆಯೇ.

ಆ ಹೆಸರಿಗೆ ಖ್ಯಾತಿ ಬಂದ ಮೇಲೆ ಇನ್ನೊಬ್ಬರು "ತಿರುನೆಲ್ವೇಲಿ ಇರುಟ್ಟುಕಡೈ ಹಲ್ವಾ" ಎಂದು ಮಾರಲು ಶುರು ಮಾಡಿದರು. ವಿಚಿತ್ರವೆಂದರೆ ಇಬ್ಬರ ಕೈಯಲ್ಲೂ ನೋಂದಣಿ ಪತ್ರ ಇತ್ತು. ನೋಂದಣಿ ಇದ್ದವರ ಮೇಲೆ ನೋಂದಣಿ ಇದ್ದವರು ದಾವೆ ಹೂಡಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರ ಮಾರ್ಚಿನಲ್ಲಿ ಕೋರ್ಟ್ ಹೇಳಿದ್ದು ಇಷ್ಟು. ನೋಂದಣಿಯು ಹಕ್ಕನ್ನು ಹುಟ್ಟಿಸುವುದಿಲ್ಲ, ಇರುವ ಹಕ್ಕನ್ನು ಗುರುತಿಸುತ್ತದೆ. ಮೊದಲಿನಿಂದ ಬಳಸುತ್ತ ಬಂದವರ ಹಕ್ಕು ಆಮೇಲೆ ಬಂದು ನೋಂದಾಯಿಸಿದವರ ಹಕ್ಕಿಗಿಂತ ಮೇಲು. ಹಳೆಯ ಕತ್ತಲೆ ಅಂಗಡಿಯೇ ಗೆದ್ದಿತು.

ಕಾಯ್ದೆಯ 34ನೇ ಕಲಂ ಹೇಳುವುದೂ ಇದೇ ಧಾಟಿಯ ಮಾತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸಾಗುವಳಿ ಮಾಡಿದವರ ಹಕ್ಕನ್ನು ಬರೀ ಪಹಣಿ ಕಿತ್ತುಕೊಳ್ಳಲಾರದು.

ಹಾಗಾದರೆ ಪಹಣಿ ಏಕೆ ಎಂದು ಕೇಳಬಹುದು. ಉತ್ತರ ಜಮೀನಿನ ವಿಷಯದಲ್ಲೇ ಇದೆ. ಸಾಗುವಳಿ ಮಾಡಿದ್ದು ಸತ್ಯ ಎಂದು ತೋರಿಸಲು ಕಂದಾಯ ರಸೀದಿ ಬೇಕು, ಸಾಕ್ಷಿ ಬೇಕು, ವಕೀಲರು ಬೇಕು, ವರ್ಷಗಳು ಬೇಕು. ಪಹಣಿ ಇದ್ದವರನ್ನು ಕಾನೂನು ಮೊದಲು ನಂಬುತ್ತದೆ, ಅಲ್ಲ ಎನ್ನುವವರೇ ಸಾಕ್ಷಿ ತರಬೇಕು. ಹೆಸರಿನ ವಿಷಯದಲ್ಲೂ ಅಷ್ಟೇ. ನೋಂದಣಿ ಇಲ್ಲದವರಿಗೂ ಕೋರ್ಟಿನ ಬಾಗಿಲು ತೆರೆದಿದೆ. ಆದರೆ ಅವರು ಹೆಸರಿಗೆ ಖ್ಯಾತಿ ಇತ್ತು, ಎದುರಿನವರಿಂದ ಜನ ಮೋಸಹೋದರು, ತಮಗೆ ನಷ್ಟವಾಯಿತು ಅಥವಾ ಆಗಲಿದೆ ಎಂದು ಎಲ್ಲವನ್ನೂ ಸಾಬೀತು ಮಾಡಬೇಕು. ದಿನಕ್ಕೆ ಇಪ್ಪತ್ತು ಕಿಲೋ ಚಟ್ನಿಪುಡಿ ಮಾರುವವರು ಸುಪ್ರೀಂ ಕೋರ್ಟಿನವರೆಗೆ ಹೋಗುವುದು ಆಗುವ ಮಾತಲ್ಲ. ಇನ್ನು ಸಾಕ್ಷಿಯಾಗಿ ತೋರಿಸಲು ಬಿಲ್ ಪುಸ್ತಕ ಇಡದವರೇ ನಮ್ಮಲ್ಲಿ ಹೆಚ್ಚು.

ನಂದಿನಿಯ ಹದ್ದುಬಸ್ತು

ನಂದಿನಿ ಎಂದರೆ ನಮ್ಮ ಓದುಗರಲ್ಲಿ ಅನೇಕರಿಗೆ ಮನೆಯ ಹೆಸರು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವವರೆಲ್ಲ ಸೇರಿ ಕಟ್ಟಿದ ಹೆಸರು ಅದು. ಕರ್ನಾಟಕ ಹಾಲು ಮಹಾಮಂಡಳ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಅದನ್ನು 1985ರಿಂದ ಬಳಸುತ್ತಿದೆ ಎಂದು ಕೋರ್ಟಿನ ದಾಖಲೆ ಹೇಳುತ್ತದೆ. 1989ರಲ್ಲಿ ಬೆಂಗಳೂರಿನಲ್ಲಿ "ನಂದಿನಿ ಡೀಲಕ್ಸ್" ಎಂಬ ಹೋಟೆಲ್ ಶುರುವಾಯಿತು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚು ಎಂಬುದನ್ನು ಬಿಟ್ಟರೆ ಹೆಸರು ಒಂದೇ. ಆ ಹೋಟೆಲಿನವರು ತಮ್ಮ ಹೆಸರನ್ನು ಮಾಂಸ, ಮೀನು ಮುಂತಾದ ಆಹಾರ ಪದಾರ್ಥಗಳಿಗೆ ನೋಂದಾಯಿಸಲು ಹೋದಾಗ ಮಹಾಮಂಡಳ ಆಕ್ಷೇಪಿಸಿತು.

ನೋಂದಣಿ ಕಚೇರಿ ಹೋಟೆಲಿನ ಪರ ಹೇಳಿತು. ಮೇಲ್ಮನವಿ ಮಂಡಳಿ ಮಹಾಮಂಡಳದ ಪರ ಹೇಳಿತು. ಹೈಕೋರ್ಟೂ ಮಹಾಮಂಡಳದ ಪರವೇ ನಿಂತಿತು. ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಹೋಟೆಲಿನವರಿಗೆ ನೋಂದಣಿ ಕೊಡಬಹುದು, ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಮಾತ್ರ ಇಲ್ಲ ಎಂದು ತೀರ್ಪು ಕೊಟ್ಟಿತು.

ಹಾಗೆಂದು ಸಹಕಾರ ಸಂಘದ ಹೆಸರಿಗೆ ಬೆಲೆ ಇಲ್ಲ ಎಂದು ತಿಳಿಯಬಾರದು. ಕೋರ್ಟ್ ಮುಂದಿಟ್ಟ ಕಾರಣಗಳಲ್ಲಿ ಸಣ್ಣ ವ್ಯಾಪಾರಿಗಳು ಕಲಿಯಬೇಕಾದದ್ದಿದೆ. ಒಂದು, ನಂದಿನಿ ಮಹಾಮಂಡಳ ಹೊಸದಾಗಿ ಸೃಷ್ಟಿಸಿದ ಪದವಲ್ಲ. ಪುರಾಣದ ಹಸು, ದೇವತೆಯ ಹೆಸರು. ಎರಡು, ಎರಡರ ಚಿತ್ರ ಬೇರೆ. ಒಂದರಲ್ಲಿ ಹಸು, ಇನ್ನೊಂದರಲ್ಲಿ ದೀಪ. ಮೂರು, ಒಬ್ಬರದು ಹಾಲಿನ ವ್ಯಾಪಾರ, ಇನ್ನೊಬ್ಬರದು ಹೋಟೆಲು.

ಅಂದರೆ ಹೆಸರು ಎಂಬುದು ಇಡೀ ಊರಿನ ಜಮೀನಲ್ಲ. ಅದಕ್ಕೂ ಸರ್ವೆ ನಂಬರ್ ಇದೆ, ಹದ್ದುಬಸ್ತು ಇದೆ. ನೋಂದಣಿ ಪುಸ್ತಕದಲ್ಲಿ ಒಟ್ಟು 45 ವರ್ಗಗಳಿವೆ. 34 ವಸ್ತುಗಳಿಗೆ, 11 ಸೇವೆಗಳಿಗೆ. ಮಸಾಲೆ, ಹಪ್ಪಳ, ರೊಟ್ಟಿ ಬರುವುದು 30ನೇ ವರ್ಗದಲ್ಲಿ. ಉಪ್ಪಿನಕಾಯಿ, ಹಾಲು, ಎಣ್ಣೆ 29ರಲ್ಲಿ. ಅಗರಬತ್ತಿ, ಸೋಪು 3ರಲ್ಲಿ. ಆಟಿಕೆ 28ರಲ್ಲಿ. ಖಾನಾವಳಿ, ಹೋಟೆಲು 43ರಲ್ಲಿ. ರೊಟ್ಟಿಗೆ ನೋಂದಾಯಿಸಿದ ಹೆಸರಿನಿಂದ ಟೈಲರ್ ಅಂಗಡಿಯವರನ್ನು ತಡೆಯುವುದು ಕಷ್ಟ. ದೇವರ ಹೆಸರು, ನದಿಯ ಹೆಸರು ಇಟ್ಟರೆ ಅಕ್ಕಪಕ್ಕದವರೂ ಅದನ್ನೇ ಇಟ್ಟಿರುತ್ತಾರೆ. ಬಸವೇಶ್ವರ, ಲಕ್ಷ್ಮಿ, ಮಂಜುನಾಥ, ತುಂಗಭದ್ರಾ ಎಂಬ ಹೆಸರುಗಳ ಅಂಗಡಿ ಇಲ್ಲದ ಪೇಟೆ ಯಾವುದು? ಭಕ್ತಿ ಇರಲಿ, ಆದರೆ ಪ್ಯಾಕೆಟ್ಟಿಗೆ ನಿಮ್ಮದೇ ಆದ ಇನ್ನೊಂದು ಪದ, ಒಂದು ಚಿತ್ರ ಜೊತೆಗಿದ್ದರೆ ಒಳ್ಳೆಯದು.

ಊರಿನ ಹೆಸರು ಊರಿನವರದು

ಧಾರವಾಡ ಪೇಡೆ ಮಾಡಲು ಶುರು ಮಾಡಿದ್ದು ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ. ಆಮೇಲೆ ಮಿಶ್ರಾ ಎಂಬ ಹೆಸರೂ ಬೆಳೆಯಿತು. ಠಾಕೂರ್, ಮಿಶ್ರಾ ಎಂಬವು ಮನೆತನಗಳ ಹೆಸರು. ಆದರೆ "ಧಾರವಾಡ ಪೇಡೆ" ಎಂಬುದನ್ನು ಒಬ್ಬರೇ ತಮ್ಮದು ಎನ್ನಲು ಬರುತ್ತದೆಯೇ? ಊರಿನ ಹೆಸರು, ಸರಕಿನ ಹೆಸರು ಎರಡನ್ನೂ ಸೇರಿಸಿ ಒಬ್ಬರಿಗೇ ಟ್ರೇಡ್‌ಮಾರ್ಕ್ ಮಾಡಿಕೊಡುವುದಕ್ಕೆ ಕಾನೂನು ಸುಲಭವಾಗಿ ಒಪ್ಪುವುದಿಲ್ಲ.

ಇಂಥ ಹೆಸರುಗಳಿಗಾಗಿ 1999ರಲ್ಲಿ ಇನ್ನೊಂದು ಕಾಯ್ದೆ ಮಾಡಿದರು. ಭೌಗೋಳಿಕ ಗುರುತು, ಜನರ ಬಾಯಲ್ಲಿ ಜಿಐ ಟ್ಯಾಗ್. ಅದೂ 2003ರ ಸೆಪ್ಟೆಂಬರ್ 15ರಂದೇ ಜಾರಿಗೆ ಬಂತು. ಮೊದಲು ನೋಂದಣಿಯಾದದ್ದು ಡಾರ್ಜಿಲಿಂಗ್ ಚಹಾ. ನಮ್ಮ ಮೈಸೂರು ರೇಷ್ಮೆ, ಚನ್ನಪಟ್ಟಣದ ಬೊಂಬೆ, ಬೀದರಿನ ಬಿದ್ರಿ ಸಾಮಾನು, ಇಳಕಲ್ ಸೀರೆ, ನವಲಗುಂದದ ಜಮಖಾನ, ನಂಜನಗೂಡು ರಸಬಾಳೆ, ಉಡುಪಿಯ ಮಟ್ಟುಗುಳ್ಳ, ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡೆ ಎಲ್ಲವೂ ಆ ಪಟ್ಟಿಯಲ್ಲಿವೆ.

ಜಿಐ ಟ್ಯಾಗ್ ಬಂದ ದಿನ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ, ಹೆಮ್ಮೆಪಡುತ್ತೇವೆ, ಅಲ್ಲಿಗೆ ಮರೆಯುತ್ತೇವೆ. ಮುಂದಿನ ಹೆಜ್ಜೆ ಗೊತ್ತಿರುವವರು ಕಡಿಮೆ. ಆ ಬೆಳೆ ಬೆಳೆಯುವವರು, ಆ ವಸ್ತು ತಯಾರಿಸುವವರು ಒಬ್ಬೊಬ್ಬರೂ "ಅಧಿಕೃತ ಬಳಕೆದಾರ" ಎಂದು ತಮ್ಮ ಹೆಸರು ಸೇರಿಸಿಕೊಳ್ಳಬಹುದು. ಜಿಐ ಚಿಹ್ನೆಯನ್ನು ತಮ್ಮ ಚೀಲದ ಮೇಲೆ ಹಾಕುವ ಹಕ್ಕು ಬರುವುದು ಆಗ. 2020ರಲ್ಲಿ ಇದರ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದರು. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರು, ಇಳಕಲ್ ಸೀರೆ ನೇಯುವವರು ಇದನ್ನು ವಿಚಾರಿಸಿಕೊಳ್ಳಬೇಕು.

ಈಗ ಏನು ಮಾಡಬೇಕು?

ಟ್ರೇಡ್‌ಮಾರ್ಕ್ ನೋಂದಣಿಗೆ ಕರ್ನಾಟಕದವರ ಕಚೇರಿ ಚೆನ್ನೈಯಲ್ಲಿದೆ. ಅಲ್ಲಿಗೆ ಹೋಗಲೇಬೇಕೆಂದಿಲ್ಲ, ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಫಾರಂ ಹೆಸರು ಟಿಎಂ-ಎ. ಒಬ್ಬ ವ್ಯಕ್ತಿ, ಸ್ಟಾರ್ಟಪ್ ಅಥವಾ ಸಣ್ಣ ಉದ್ಯಮವಾದರೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಉಳಿದವರಿಗೆ 9,000. ಸಣ್ಣ ಉದ್ಯಮ ಎಂದು ತೋರಿಸಲು ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಏಜೆಂಟರು ಅಥವಾ ವಕೀಲರ ಮೂಲಕ ಹೋದರೆ ಅವರ ಫೀ ಬೇರೆ. ಸರ್ಕಾರಿ ಶುಲ್ಕ ಎಷ್ಟು, ಅವರ ಫೀ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಿ, ರಸೀದಿ ಪಡೆಯಿರಿ.

ಅರ್ಜಿಗೆ ಮೊದಲು ನೋಂದಣಿ ಕಚೇರಿಯ ವೆಬ್‌ಸೈಟಿನಲ್ಲಿ ನಿಮ್ಮ ಹೆಸರು ಆಗಲೇ ಬೇರೆಯವರದಾಗಿದೆಯೇ ಎಂದು ಹುಡುಕಿ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಅಂಬಾಳ್–ಆಂಡಾಳ್ ಕಥೆ ನೆನಪಿದೆಯಲ್ಲ, ಕಿವಿಗೆ ಒಂದೇ ಥರ ಕೇಳುವ ಹೆಸರುಗಳನ್ನೂ ಹುಡುಕಿ.

ಅರ್ಜಿಯಲ್ಲಿ ಈ ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ ಎಂದು ಕೇಳುತ್ತಾರೆ. ಮೊದಲೇ ಬಳಸುತ್ತಿದ್ದರೆ ಆ ತಾರೀಖು ಬರೆಯಿರಿ, ಅದಕ್ಕೆ ಅಫಿಡವಿಟ್ ಮತ್ತು ದಾಖಲೆ ಕೊಡಿ. ಕತ್ತಲೆ ಅಂಗಡಿಯನ್ನು ಗೆಲ್ಲಿಸಿದ್ದು ಆ ಹಳೆಯ ಬಳಕೆಯೇ. ಅಧಿಕಾರಿ ಪರಿಶೀಲಿಸಿ ಪ್ರಶ್ನೆ ಕಳಿಸಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಒಪ್ಪಿಗೆಯಾದರೆ ಹೆಸರು ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ಆಕ್ಷೇಪಿಸಬಹುದು. ಆಕ್ಷೇಪಣೆ ಇಲ್ಲದಿದ್ದರೆ ನೋಂದಣಿ. ಅದರ ಅವಧಿ 10 ವರ್ಷ, ಆಮೇಲೆ ಪ್ರತಿ 10 ವರ್ಷಕ್ಕೊಮ್ಮೆ ನವೀಕರಿಸುತ್ತ ಹೋಗಬಹುದು.

ಅರ್ಜಿ ಹಾಕಿದ ಮೇಲೆ ಹೆಸರಿನ ಪಕ್ಕ ಟಿಎಂ ಎಂದು ಹಾಕಿಕೊಳ್ಳಬಹುದು. ಆರ್ ಅಕ್ಷರಕ್ಕೆ ಸುತ್ತು ಹಾಕಿದ ಗುರುತು ಮಾತ್ರ ನೋಂದಣಿ ಪೂರ್ತಿಯಾದ ಮೇಲೆಯೇ. ಅದಕ್ಕೂ ಮೊದಲು ಹಾಕುವುದು ಕಾನೂನಿಗೆ ವಿರುದ್ಧ. ಪ್ಯಾಕೆಟ್ ಮುದ್ರಿಸುವವರು ಚೆಂದ ಕಾಣಲೆಂದು ಹಾಕಿಬಿಡುವುದುಂಟು, ನೋಡಿಕೊಳ್ಳಿ.

ಕೊನೆಯದಾಗಿ ಗಣೇಶ್ ಬೀಡಿಯ ಕಥೆಯಲ್ಲಿ ಬಿಟ್ಟುಬಂದ ಮಾತು. ಅರ್ಜಿಯಲ್ಲಿ "ಮಾಲೀಕರು" ಎಂಬ ಒಂದು ಜಾಗ ಇದೆ. ಹದಿನೈದು ಹೆಣ್ಣುಮಕ್ಕಳ ಸಂಘ ಕಟ್ಟಿದ ಹೆಸರಿಗೆ ಅನುಕೂಲಕ್ಕೆಂದು ಅಧ್ಯಕ್ಷೆಯೊಬ್ಬರ ಹೆಸರನ್ನೋ, ಓಡಾಡುವ ಹುಡುಗನ ಹೆಸರನ್ನೋ, ಮಾರಾಟಕ್ಕೆ ನೆರವಾಗುವ ವ್ಯಾಪಾರಿಯ ಹೆಸರನ್ನೋ ಅಲ್ಲಿ ಬರೆದರೆ ಕಾಗದದ ಮೇಲೆ ಆಸ್ತಿ ಆ ಒಬ್ಬರದು. ನಾಳೆ ಮನಸ್ತಾಪ ಬಂದರೆ ಉಳಿದ ಹದಿನಾಲ್ಕು ಜನ ತಾವೇ ಬೆಳೆಸಿದ ಹೆಸರಿಗಾಗಿ ಕೋರ್ಟಿಗೆ ಅಲೆಯಬೇಕಾಗುತ್ತದೆ. ಆದ್ದರಿಂದ ಅರ್ಜಿಗೆ ಮೊದಲು ಸಭೆ ಕರೆದು, ಹೆಸರು ಯಾರ ಪರವಾಗಿ ದಾಖಲಾಗಬೇಕು ಎಂದು ಮಾತಾಡಿ, ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಸಹಕಾರ ಸಂಘವೋ, ಉತ್ಪಾದಕರ ಕಂಪನಿಯೋ ಆಗಿ ನೋಂದಣಿ ಮಾಡಿಕೊಂಡು ಅದರ ಹೆಸರಿನಲ್ಲೇ ಅರ್ಜಿ ಹಾಕುವುದು ಇನ್ನೂ ಒಳ್ಳೆಯದು. ಪಾಲುದಾರಿಕೆಯಾದರೆ ಎಲ್ಲ ಪಾಲುದಾರರ ಹೆಸರೂ ಇರಲಿ.

ನೋಂದಣಿಗೆ ಈಗಲೇ ದುಡ್ಡು ಹೊಂದದಿದ್ದರೆ ಒಂದು ಕೆಲಸವನ್ನಾದರೂ ಮಾಡಿ. ಮೊದಲ ಲೇಬಲ್, ಅದನ್ನು ಮುದ್ರಿಸಿದ ಪ್ರೆಸ್ಸಿನ ಬಿಲ್, ಹಳೆಯ ಮಾರಾಟದ ರಸೀದಿ, ಮೇಳದಲ್ಲಿ ಮಳಿಗೆ ಹಾಕಿದ ಪತ್ರ, ತಾರೀಖು ಇರುವ ಫೋಟೊ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿ ಪಹಣಿ ಇಡುವ ಟ್ರಂಕಿನಲ್ಲೇ ಇಡಿ.